ವಾಟರ್ ಹೀಟರ್ ರಾಡಿನ ತಪ್ಪಲ್ಲ, ವೈರಿನದ್ದು!

ನಮ್ಮ ಬಚ್ಚಲಿನ 1,500 ವ್ಯಾಟ್ ರಾಡ್ ಒಂದು ಬಕೆಟ್ ನೀರು ಕಾಯಿಸೋಕೆ ಮುಕ್ಕಾಲು ಗಂಟೆ ತಗೊಳ್ತಿತ್ತು. ರಾಡ್ ಹೋಯ್ತು, ಹೊಸದು ತರೋಣ ಅಂದುಕೊಂಡೆ. ಅದಕ್ಕೂ ಮೊದಲು ಎಲೆಕ್ಟ್ರಿಷಿಯನ್ ಗೆಳೆಯನನ್ನು ಕರೆದು ಮೀಟರ್ ಇಟ್ಟು ನೋಡಿದೆವು.

ಗೋಡೆಯ ಸಾಕೆಟ್‌ನಲ್ಲಿ 224 ವೋಲ್ಟ್. ರಾಡ್‌ನ ಹತ್ತಿರ ಬರೀ 196! ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯೋ ಕ್ಲ್ಯಾಂಪ್ ಮೀಟರ್ ಮೊದಲು ಸೊನ್ನೆ ತೋರಿಸಿತು. ಎರಡೂ ವೈರು ಒಟ್ಟಿಗೆ ಹಿಡಿದಿದ್ದೆ, ಪೆದ್ದ ನಾನು; ಹೋಗೋ ಕರೆಂಟು, ವಾಪಸ್ ಬರೋ ಕರೆಂಟು ಒಂದನ್ನೊಂದು ರದ್ದು ಮಾಡ್ತವೆ. ಒಂದೇ ವೈರು ಹಿಡಿದಾಗ 5.6 ಆಂಪ್ಸ್ ಬಂತು.

ವೋಲ್ಟನ್ನು ಆಂಪ್ಸ್‌ನಿಂದ ಭಾಗಿಸಿದೆ: 196 ÷ 5.6 = 35 ಓಮ್, ಇದು ರಾಡ್ ಕರೆಂಟಿಗೆ ಒಡ್ಡೋ ತಡೆ (ರೆಸಿಸ್ಟೆನ್ಸ್). 230 ವೋಲ್ಟಿಗೆ 1,500 ವ್ಯಾಟ್ ಕೊಡೋ ರಾಡ್‌ಗೆ ಇರಬೇಕಾದ್ದೂ ಅಷ್ಟೇ. ಅಂದ್ರೆ ರಾಡ್ ಚೆನ್ನಾಗಿಯೇ ಇದೆ, ಆದರೆ ಅದಕ್ಕೆ ಸಿಗ್ತಿದ್ದದ್ದು 196 × 5.6, ಸುಮಾರು 1,100 ವ್ಯಾಟ್.

ಉಳಿದ 28 ವೋಲ್ಟ್ ಎಲ್ಲಿ ಹೋಯ್ತು? ಸಪೂರ ಎಕ್ಸ್‌ಟೆನ್ಷನ್ ವೈರಿನಲ್ಲಿ! 28 × 5.6 ಅಂದ್ರೆ 157 ವ್ಯಾಟ್ ಸುಮ್ನೆ ಬಿಸಿಯಾಗ್ತಿತ್ತು. ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತು, ನಡುವೆ ಟೇಪ್ ಸುತ್ತಿದ್ದ ಜಾಯಿಂಟ್ ಬಿಚ್ಚಿದೆವು. ಒಳಗೆ ಕಪ್ಪಗೆ ಸುಟ್ಟಿತ್ತು.

ಎಕ್ಸ್‌ಟೆನ್ಷನ್ ಎಸೆದು, 2.5 ಚದರ ಮಿಲಿಮೀಟರ್ ವೈರು ಎಳೆಸಿ 16 ಆಂಪ್ಸ್ ಸಾಕೆಟ್ ಹಾಕಿಸಿದೆ. ಈಗ 222 ವೋಲ್ಟ್, 6.3 ಆಂಪ್ಸ್. ಸುಮಾರು 35 ನಿಮಿಷದಲ್ಲಿ ನೀರು ಕಾಯುತ್ತೆ.