‘ಮಗ’ ಅಲ್ಲ, ‘ಮಗುಳ್ಚಿ’: ವೀರಗಲ್ಲಿನ ಫೋಟೋ ಹಂಚಿದ ನನ್ನ ಅನುಭವ

ಸೊರಬದ ಕಡೆಯ ಒಂದು ಊರಲ್ಲಿ, ಕೆರೆ ಏರಿಯ ಕೆಳಗಿನ ಹಿತ್ತಲಲ್ಲಿ ಒಂದು ವೀರಗಲ್ಲಿದೆ. ಊರಿನ ಹೆಸರನ್ನು ಬೇಕಂತಲೇ ಬಿಟ್ಟಿದ್ದೇನೆ, ಯಾಕೆ ಅಂತ ಮುಂದೆ ಹೇಳುತ್ತೇನೆ. ಆ ಮನೆಯ ಅಜ್ಜಿ ದಿನಾ ಕಲ್ಲಿಗೊಂದು ಹೂವಿಟ್ಟು ಹೋಗುತ್ತಾರೆ. "ಏನ್ ಬರ್ದಾರೆ ಇದ್ರಾಗೆ?" ಅಂತ ಅವರು ಕೇಳಿದಾಗ ನಾನು ಜಂಬದಿಂದ, "ಇವ್ನು ಯಾರದೋ ಮಗ ಅಂತ ಬರ್ದಿದೆ ಅಜ್ಜಿ, ಅಪ್ಪನ ಹೆಸರು ಸವೆದುಹೋಗಿದೆ" ಅಂದಿದ್ದೆ. ಅದು ತಪ್ಪು. ಫೋಟೋ ಚೆನ್ನಾಗೇ ಬಂದಿತ್ತು, ಕೆಟ್ಟಿದ್ದು ನಾನು ಅದನ್ನು ಕಳಿಸಿದ ರೀತಿ.

ನಾನು ಶಾಸನ ಓದುವವನಲ್ಲ. ಹೈಸ್ಕೂಲಲ್ಲಿ ಗಣಿತ ಹೇಳಿಕೊಡುತ್ತೇನೆ. ಭಾನುವಾರ ಬೈಕ್ ಹತ್ತಿ ಕಲ್ಲು ಹುಡುಕಿಕೊಂಡು ಹೋಗುವುದು ಒಂದು ಹುಚ್ಚು. ಓದುವವರು ಬೇರೆ ಇದ್ದಾರೆ, ಮೈಸೂರಿನಲ್ಲಿರುವ ಒಬ್ಬರು ನಿವೃತ್ತ ಮೇಷ್ಟ್ರು. ನಾನು ಫೋಟೋ ಕಳಿಸುವುದು, ಅವರು ಓದಿ ಹೇಳುವುದು, ಹೀಗೆ ನಡೆದಿದೆ ನಮ್ಮ ವ್ಯವಹಾರ.

ವೀರಗಲ್ಲು ನೋಡಿದವರಿಗೆ ಗೊತ್ತು, ಅದನ್ನು ಕೆಳಗಿನಿಂದ ಮೇಲೆ ನೋಡಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಸತ್ತ ವೀರನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ, ಮೇಲೆ ಕೈಲಾಸ, ಲಿಂಗ, ಪೂಜಾರಿ. ಈ ಪಟ್ಟಿಕೆಗಳ ನಡುವಿನ ಅಡ್ಡಪಟ್ಟಿಯಲ್ಲಿ ಅಕ್ಷರ. ಪಟ್ಟಿ ಮೂರು ನಾಲ್ಕು ಬೆರಳಗಲ, ಅದರಲ್ಲಿ ಎರಡು ಸಾಲು. ಇಡೀ ಕಲ್ಲು ಒಂದೇ ಫೋಟೋದಲ್ಲಿ ಬರಬೇಕು ಅಂತ ನಿಂತರೆ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತದೆ.

ಮೊದಮೊದಲು ನಾನು ಎಲ್ಲವನ್ನೂ ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದೆ. ನನ್ನ ಫೋನಿನ ಫೋಟೋ 4000 ಅಡ್ಡ, 3000 ಉದ್ದ ಪಿಕ್ಸೆಲ್, ಐದು ಎಂಬಿ ತೂಕ. ಮೇಷ್ಟ್ರಿಗೆ ಮುಟ್ಟುವಾಗ ಅದು ಮುನ್ನೂರು ಕೆಬಿಯೂ ಇರುತ್ತಿರಲಿಲ್ಲ. ಬೇಗ ಹೋಗಲಿ, ಡೇಟಾ ಉಳಿಯಲಿ ಅಂತ ವಾಟ್ಸಾಪ್ ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ. ಮದುವೆ ಫೋಟೋಗೆ ಅದು ಸಾಕು. ಸಾವಿರ ವರ್ಷದ ಅಕ್ಷರಕ್ಕೆ ಸಾಲದು. ಕುಗ್ಗುವಾಗ ಮೊದಲು ಹೋಗುವುದೇ ಸಣ್ಣ ಗೀಟುಗಳು: ಒತ್ತಕ್ಷರ, ಕೊಂಬು, ಸೊನ್ನೆ. ಮೇಷ್ಟ್ರು ಆ ಫೋಟೋ ನೋಡಿ, "‘ಮಗ’ ಇರಬಹುದು ಕಣಯ್ಯಾ, ಮುಂದೆ ಮಬ್ಬಾಗಿದೆ" ಅಂದಿದ್ದರು. ‘ಇರಬಹುದು’ ಅನ್ನೋದನ್ನ ನಾನು ದಾರಿಯಲ್ಲೇ ಬೀಳಿಸಿಕೊಂಡು ಅಜ್ಜಿಗೆ ‘ಮಗ’ ಅಂತಲೇ ಹೇಳಿಬಿಟ್ಟೆ.

ಇದಕ್ಕೆ ಸುಲಭದ ದಾರಿ ಇದೆ ಅಂತ ಗೊತ್ತಾಗಿದ್ದು ಆಮೇಲೆ. ಗ್ಯಾಲರಿ ಗುರುತು ಒತ್ತುವ ಬದಲು ‘ಡಾಕ್ಯುಮೆಂಟ್’ ಒತ್ತಿ ಅದೇ ಫೋಟೋ ಆರಿಸಿದರೆ, ಫೈಲ್ ಇದ್ದ ಹಾಗೇ ಹೋಗುತ್ತದೆ. 2023ರಲ್ಲಿ ‘ಎಚ್‌ಡಿ’ ಅನ್ನುವ ಆಯ್ಕೆಯೂ ಬಂತು. ಅದು ಪರವಾಗಿಲ್ಲ, ಆದರೆ ಅದೂ ಮೂಲ ಫೈಲ್ ಅಲ್ಲ. ಓದಬೇಕಾದ ಫೋಟೋ ಇದ್ದರೆ ನಾನು ಈಗಲೂ ಡಾಕ್ಯುಮೆಂಟೇ.

ಒಬ್ಬರಿಗೆ ಕಳಿಸೋದಾದರೆ ಇಷ್ಟು ಸಾಕಿತ್ತು. ಆದರೆ ಒಂದು ಕಲ್ಲಿನ ಫೋಟೋ ಮೇಷ್ಟ್ರಿಗೆ ಬೇಕು, ಊರಿನ ಹುಡುಗರಿಗೆ ಬೇಕು, ಕನ್ನಡ ವಿಕಿಪೀಡಿಯದ ಲೇಖನಕ್ಕೆ ಬೇಕು, ನಾಳೆ ಯಾರೋ ಪಿಎಚ್‌ಡಿ ಮಾಡುವವರಿಗೂ ಬೇಕು. ಪ್ರತಿಯೊಬ್ಬರಿಗೂ ಐದೈದು ಎಂಬಿ ಕಳಿಸುತ್ತಾ ಕೂರುವುದು ಆಗದ ಕೆಲಸ. ಫೋಟೋ ಒಂದು ಕಡೆ ಇರಬೇಕು, ಬೇರೆಯವರಿಗೆ ಅದರ ವಿಳಾಸ ಹೋಗಬೇಕು.

ಗೂಗಲ್ ಡ್ರೈವ್‌ನಲ್ಲಿ ಇಟ್ಟು ಲಿಂಕ್ ಕಳಿಸಿದೆ. ಮಾರನೇ ದಿನ ಇನ್‌ಬಾಕ್ಸ್ ತುಂಬಾ ‘ಅನುಮತಿ ಕೊಡಿ’ ಅನ್ನುವ ಕೋರಿಕೆ! ಡ್ರೈವ್‌ನಲ್ಲಿ ಫೈಲ್ ಮೊದಲಿಗೆ ನಿಮಗೆ ಮಾತ್ರ ಕಾಣುತ್ತದೆ. ‘ಶೇರ್’ ಒತ್ತಿ, ‘ರಿಸ್ಟ್ರಿಕ್ಟೆಡ್’ ಅಂತ ಇರುವುದನ್ನು ‘ಎನಿವನ್ ವಿತ್ ದ ಲಿಂಕ್’ ಅಂತ ಬದಲಾಯಿಸಬೇಕು, ನಾನು ಬದಲಾಯಿಸಿರಲಿಲ್ಲ. ಇನ್ನೊಂದು ತೊಡಕು. ಡ್ರೈವ್ ಕೊಡುವ ಲಿಂಕ್ ಫೋಟೋ ಇರುವ ಪುಟದ್ದು, ಫೋಟೋದ್ದಲ್ಲ. ಬರಹದ ನಡುವೆ ಚಿತ್ರ ಕಾಣಲಿ ಅಂತ ಅದನ್ನು ಅಂಟಿಸಿದರೆ ಬರೀ ನೀಲಿ ಅಕ್ಷರ ಕಾಣುತ್ತದೆ. ಪುಟದ ವಿಳಾಸ ಬೇರೆ, ಚಿತ್ರದ ವಿಳಾಸ ಬೇರೆ. ಚಿತ್ರದ ವಿಳಾಸ ಸಾಮಾನ್ಯವಾಗಿ ಜೆಪಿಜಿ, ಪಿಎನ್‌ಜಿ ಅಂತ ಮುಗಿಯುತ್ತದೆ. ಇದು ತಲೆಗೆ ಹೋಗಲು ನನಗೆ ಒಂದು ವಾರ ಬೇಕಾಯಿತು, ಗಣಿತದ ಮೇಷ್ಟ್ರು ಬೇರೆ!

ಆಮೇಲೆ ಒಂದು ಪುಕ್ಕಟೆ ಫೋಟೋ ತಾಣ ಸಿಕ್ಕಿತು. ನೇರ ಲಿಂಕ್ ಕೊಡುತ್ತಿತ್ತು, ಖಾತೆ ತೆರೆಯುವ ರಗಳೆಯೂ ಇರಲಿಲ್ಲ. ಎರಡು ವರ್ಷ ಸುಮಾರು ನಲವತ್ತು ಕಲ್ಲುಗಳ ಫೋಟೋ ಅಲ್ಲಿಟ್ಟೆ. ಒಂದು ಬೆಳಿಗ್ಗೆ ನೋಡಿದರೆ ಎಲ್ಲ ಫೋಟೋ ಇದ್ದ ಕಡೆಯೂ ಬೂದು ಬಣ್ಣದ ಚೌಕ, ‘ದುಡ್ಡು ಕಟ್ಟಿ’ ಅಂತ. ತಾಣದವರನ್ನು ಬೈದು ಏನು ಮಾಡೋದು, ಅವರಿಗೂ ಸರ್ವರ್ ಬಾಡಿಗೆ ಇರುತ್ತದೆ. ಮೂಲ ಫೈಲ್ ಹಾರ್ಡ್ ಡಿಸ್ಕಿನಲ್ಲಿ ಉಳಿದಿದ್ದು ಇಪ್ಪತ್ತೇಳು ಕಲ್ಲಿನವು. ಉಳಿದ ಊರುಗಳಿಗೆ ಮತ್ತೆ ಬೈಕ್ ಓಡಿಸಿದೆ. ಒಂದು ಕಡೆ ಕಲ್ಲಿನ ಮೇಲೆ ದಪ್ಪಗೆ ಎಣ್ಣೆ ಬಣ್ಣ ಬಳಿದುಬಿಟ್ಟಿದ್ದರು. ಆ ಕಲ್ಲಿನ ಅಕ್ಷರ ಈಗ ನನ್ನ ಹತ್ತಿರವೂ ಇಲ್ಲ, ಕಲ್ಲಿನ ಹತ್ತಿರವೂ ಇಲ್ಲ.

ಕೊನೆಗೆ ನಾನು ನೆಲೆ ನಿಂತಿದ್ದು ವಿಕಿಮೀಡಿಯ ಕಾಮನ್ಸ್‌ನಲ್ಲಿ. 2004ರಿಂದ ಇದೆ, ವಿಕಿಪೀಡಿಯದ ಚಿತ್ರಗಳೆಲ್ಲ ಹೆಚ್ಚಾಗಿ ಇರುವುದು ಅಲ್ಲೇ. ಕನ್ನಡ ವಿಕಿಪೀಡಿಯದಲ್ಲಿ ಖಾತೆ ಇದ್ದರೆ ಅದೇ ಸಾಕು. ಆದರೆ ಅದು ಗೋದಾಮು ಅಲ್ಲ, ನಾಲ್ಕು ಜನರಿಗೆ ಉಪಯೋಗ ಆಗುವ ಚಿತ್ರ ಇಡುವ ಜಾಗ. ಮೊಮ್ಮಗನ ನಾಮಕರಣದ ಫೋಟೋ ಅಲ್ಲಿ ಹಾಕಬೇಡಿ, ತೆಗೆದುಹಾಕುತ್ತಾರೆ.

ಹಾಕುವುದು ಕಷ್ಟ ಇಲ್ಲ. ಅಪ್‌ಲೋಡ್ ವಿಝಾರ್ಡ್ ಒಂದೊಂದಾಗಿ ಕೇಳುತ್ತಾ ಹೋಗುತ್ತದೆ. ನಾನು ಎಡವಿದ್ದು ಹೆಸರಿಡುವಲ್ಲಿ. ಕ್ಯಾಮೆರಾ ಕೊಟ್ಟ ‘ಐಎಂಜಿ’ ನಂಬರ್ ಹಾಗೇ ಬಿಟ್ಟರೆ ಅದು ಒಪ್ಪುವುದಿಲ್ಲ, ಸರಿಯಾದ ಹೆಸರು ಕೊಡು ಅನ್ನುತ್ತದೆ. ಅಭಿಮಾನದಿಂದ ಕನ್ನಡದಲ್ಲೇ ಉದ್ದಕ್ಕೆ ಹೆಸರಿಟ್ಟೆ. ಪುಟದಲ್ಲಿ ಚೆನ್ನಾಗೇ ಕಾಣಿಸಿತು. ಲಿಂಕ್ ಕಾಪಿ ಮಾಡಿ ಮೇಷ್ಟ್ರಿಗೆ ಕಳಿಸಿದರೆ ಅರ್ಧ ಪುಟ ಬರೀ ಶೇಕಡಾ ಗುರುತು! ಲಿಂಕಿನೊಳಗೆ ಹೋದಾಗ ಕನ್ನಡದ ಒಂದು ‘ಕ’ ಒಂಬತ್ತು ಗುರುತುಗಳಾಗಿ ಒಡೆದುಕೊಳ್ಳುತ್ತದೆ. ಇಪ್ಪತ್ತು ಅಕ್ಷರದ ಹೆಸರು ಎಲ್ಲೋ ನಡುವೆ ತುಂಡಾಗಿ, ಲಿಂಕ್ ತೆರೆಯಲೇ ಇಲ್ಲ. ಈಗ ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಇಡುತ್ತೇನೆ, ವಿವರಣೆ ಮಾತ್ರ ಪೂರ್ತಿ ಕನ್ನಡದಲ್ಲಿ. ಕನ್ನಡದಲ್ಲೇ ಹೆಸರು ಬೇಕು ಅನ್ನುವವರಿಗೆ ವಿಕಿಮೀಡಿಯದವರದೇ ಲಿಂಕ್ ಗಿಡ್ಡ ಮಾಡುವ ಸೌಲಭ್ಯ ಇದೆ, ‘ಡಬ್ಲ್ಯೂ ಡಾಟ್ ವಿಕಿ’ ಅಂತ.

ಕಲ್ಲಿನ ಶಾಸನ ಈಗಾಗಲೇ ಅಚ್ಚಾಗಿದ್ದರೆ ‘ಎಪಿಗ್ರಾಫಿಯಾ ಕರ್ನಾಟಿಕಾ’ ಅನ್ನುವ ಶಾಸನ ಸಂಪುಟಗಳಲ್ಲಿ ಅದಕ್ಕಿರುವ ನಂಬರನ್ನು ಹೆಸರಿಗೆ ಸೇರಿಸುತ್ತೇನೆ. ಆ ಸಂಪುಟಗಳನ್ನು ಹೊರತಂದ ಬಿ.ಎಲ್. ರೈಸ್ ಸಾಹೇಬರು ತಾಲ್ಲೂಕುವಾರು ನಂಬರ್ ಹಾಕಿಟ್ಟಿದ್ದಾರೆ, ಸೊರಬದ ಶಾಸನಗಳು 8ನೇ ಸಂಪುಟದಲ್ಲಿವೆ. ಓದುವವರು ಹುಡುಕುವುದೇ ಆ ನಂಬರ್ ಹಾಕಿ. ‘ಸುಂದರ ವೀರಗಲ್ಲು’ ಅಂತ ಹೆಸರಿಟ್ಟರೆ ಯಾರ ಕೈಗೂ ಸಿಗುವುದಿಲ್ಲ.

ಲೈಸೆನ್ಸ್ ಬಗ್ಗೆ ಎರಡು ಮಾತು. ನಾನು ಆರಿಸುವುದು ಕ್ರಿಯೇಟಿವ್ ಕಾಮನ್ಸ್ ಅನ್ನುವ ಮುಕ್ತ ಲೈಸೆನ್ಸ್‌ಗಳಲ್ಲಿ ಒಂದಾದ ಸಿಸಿ ಬಿವೈ-ಎಸ್‌ಎ 4.0. ನನ್ನ ಹೆಸರು ಹಾಕಿ ಯಾರು ಬೇಕಾದರೂ ಬಳಸಬಹುದು, ದುಡ್ಡಿಗೆ ಮಾರುವ ಪುಸ್ತಕದಲ್ಲೂ. ಬದಲಾಯಿಸಿದರೆ ಅದನ್ನೂ ಇದೇ ಷರತ್ತಿನಲ್ಲಿ ಕೊಡಬೇಕು. ‘ಮಾರಾಟಕ್ಕೆ ಬಳಸಬೇಡಿ’ ಅನ್ನುವ ಷರತ್ತನ್ನು ಕಾಮನ್ಸ್ ಒಪ್ಪುವುದಿಲ್ಲ, ಒಮ್ಮೆ ಕೊಟ್ಟ ಮೇಲೆ ವಾಪಸ್ ತೆಗೆದುಕೊಳ್ಳುವ ಹಾಗೂ ಇಲ್ಲ. ಇದಕ್ಕೆ ಮನಸ್ಸು ಒಪ್ಪದಿದ್ದರೆ ಅಲ್ಲಿ ಹಾಕದೇ ಇರುವುದೇ ಸರಿ. ಮತ್ತೆ, ನೀವು ತೆಗೆದ ಫೋಟೋ ಮಾತ್ರ ನಿಮ್ಮದು. ನನ್ನ ಭಾವಮೈದುನ ಐಫೋನಿನಲ್ಲಿ ತೆಗೆದಿದ್ದನ್ನು ನಾನು ಹಾಕಲು ಹೋಗಿ ಎರಡು ಪಾಠ ಕಲಿತೆ. ಹಕ್ಕು ಅವನದು, ಅವನೇ ಹಾಕಬೇಕು. ಎರಡನೆಯದು, ಆ ಫೋನ್ ಉಳಿಸುವ ಎಚ್‌ಇಐಸಿ ಅನ್ನುವ ಬಗೆಯನ್ನು ಕಾಮನ್ಸ್ ತೆಗೆದುಕೊಳ್ಳುವುದಿಲ್ಲ. ಕ್ಯಾಮೆರಾ ಸೆಟ್ಟಿಂಗ್‌ನ ‘ಫಾರ್ಮ್ಯಾಟ್ಸ್’ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಅಂತ ಇಟ್ಟರೆ ಮುಂದಿನ ಫೋಟೋಗಳು ಜೆಪಿಜಿ ಆಗಿ ಬರುತ್ತವೆ.

ಈಗ ಊರಿನ ಹೆಸರಿನ ವಿಷಯ. ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೋ ಒಳಗೇ ಜಾಗದ ಅಕ್ಷಾಂಶ ರೇಖಾಂಶ ಕೂತಿರುತ್ತದೆ. ಕಾಮನ್ಸ್‌ಗೆ ಹಾಕಿದಾಗ ಅದು ತಾನಾಗೇ ಪುಟದಲ್ಲಿ ತುಂಬಿಕೊಳ್ಳುತ್ತದೆ. ಗುಡಿ, ಕೋಟೆಗಾದರೆ ಒಳ್ಳೆಯದೇ. ಆದರೆ ಕಾಡಂಚಿನ ಒಂಟಿ ಕಲ್ಲು ಅಂದರೆ ನಿಧಿಗಳ್ಳರಿಗೆ ಕಣ್ಣು. ಕಲ್ಲಿನ ಕೆಳಗೆ ಹೊನ್ನು ಇದೆ ಅನ್ನುವ ಮೂಢರು ನಮ್ಮ ಕಡೆ ಇನ್ನೂ ಇದ್ದಾರೆ. ನಾನು ಹೀಗೇ ಹಾಕಿದ್ದ ಒಂದು ಕಲ್ಲನ್ನು ಮುಂದಿನ ಬೇಸಿಗೆಯಲ್ಲಿ ನೋಡಲು ಹೋದಾಗ ಅದು ಅಡ್ಡ ಬಿದ್ದಿತ್ತು. ಪಕ್ಕದಲ್ಲಿ ಎದೆಯುದ್ದದ ಗುಂಡಿ, ಒಂದೆರಡು ನಿಂಬೆಹಣ್ಣು, ಕುಂಕುಮ. ನನ್ನ ಫೋಟೋ ನೋಡಿಯೇ ಬಂದರು ಅಂತ ಹೇಳಲಾರೆ. ಆದರೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಪುಟದಲ್ಲಿ ಕಾಣುವ ಅಂಕಿ ಅಳಿಸಿದರೆ ಸಾಲದು, ಫೈಲಿನೊಳಗೆ ಅದು ಇದ್ದೇ ಇರುತ್ತದೆ. ಹೊಸ ಫೈಲ್ ಹಾಕಿದರೂ ಹಳೆಯದು ಇತಿಹಾಸದಲ್ಲಿ ಸಿಗುತ್ತದೆ. ಅದನ್ನು ಅಡಗಿಸಲು ಅಲ್ಲಿನ ನಿರ್ವಾಹಕರನ್ನೇ ಕೇಳಬೇಕಾಯಿತು. ಅದಕ್ಕೇ ಹಾಕುವ ಮೊದಲೇ ತೆಗೆದುಬಿಡಿ. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಟ್ಯಾಗ್ ಆಫ್ ಮಾಡಿ. ಈಗಾಗಲೇ ತೆಗೆದದ್ದಾದರೆ ವಿಂಡೋಸ್ ಕಂಪ್ಯೂಟರಿನಲ್ಲಿ ಫೋಟೋ ಮೇಲೆ ರೈಟ್ ಕ್ಲಿಕ್ ಮಾಡಿ, ‘ಪ್ರಾಪರ್ಟೀಸ್’, ‘ಡೀಟೇಲ್ಸ್’, ಅದರ ಕೆಳಗೆ ‘ರಿಮೂವ್ ಪ್ರಾಪರ್ಟೀಸ್’ ಅಂತ ಇರುತ್ತದೆ. ನಾನೀಗ ತಾಲ್ಲೂಕಿನ ಹೆಸರು ಮಾತ್ರ ಹಾಕುತ್ತೇನೆ. ಜಾಗ ನಿಜಕ್ಕೂ ಬೇಕಾದವರು ಕೇಳುತ್ತಾರೆ, ಯಾರು ಏನು ಅಂತ ನೋಡಿ ಹೇಳುತ್ತೇನೆ.

ಅಜ್ಜಿಯ ಕಲ್ಲಿಗೆ ಮತ್ತೆ ಹೋದೆ. ಈ ಸಲ ರಾತ್ರಿ. ಹಗಲು ನೇರ ಬಿಸಿಲಲ್ಲಿ ಸವೆದ ಅಕ್ಷರ ಕಾಣುವುದಿಲ್ಲ, ಕತ್ತಲಲ್ಲಿ ಟಾರ್ಚನ್ನು ಕಲ್ಲಿಗೆ ತಾಗಿಸಿದ ಹಾಗೆ ಪಕ್ಕದಿಂದ ಹಿಡಿದರೆ ಪ್ರತಿ ಗೀಟಿಗೂ ನೆರಳು ಬೀಳುತ್ತದೆ. ಅಜ್ಜಿಯ ಮೊಮ್ಮಗ ಟಾರ್ಚ್ ಹಿಡಿದ. ಅಕ್ಷರದ ಪಟ್ಟಿಯನ್ನು ಎಡದಿಂದ ಬಲಕ್ಕೆ ಆರು ತುಂಡಾಗಿ ತೆಗೆದೆ, ಒಂದರ ಅಂಚು ಇನ್ನೊಂದರಲ್ಲಿ ಸ್ವಲ್ಪ ಬರುವ ಹಾಗೆ. ಬದಿಗೆ ಒಂದು ಅಡಿಪಟ್ಟಿ ಇಟ್ಟಿದ್ದೆ, ಅಳತೆ ಗೊತ್ತಾಗಲಿ ಅಂತ. ಮನೆಗೆ ಬಂದು ಆರನ್ನೂ ಕಾಮನ್ಸ್‌ಗೆ ಹಾಕಿ ಮೇಷ್ಟ್ರಿಗೆ ಗಿಡ್ಡ ಲಿಂಕ್ ಕಳಿಸಿದೆ. ಚಿಕ್ಕ ಚಿತ್ರ ನೋಡಿ ಬಿಡಬೇಡಿ ಸರ್, ‘ಮೂಲ ಕಡತ’ ಒತ್ತಿ ದೊಡ್ಡದು ಮಾಡಿ ಅಂತಲೂ ಬರೆದೆ.

ಬೆಳಿಗ್ಗೆ ಆರೂವರೆಗೆ ಫೋನ್. "ಏನಯ್ಯಾ, ಅದು ‘ಮಗ’ ಅಲ್ಲ. ಗ-ಗೆ ಕೊಂಬಿದೆ ನೋಡು, ನಾಲ್ಕನೇ ಫೋಟೋದಲ್ಲಿ. ಬಿರುಕು ಅಂದುಕೊಂಡೆವಲ್ಲ, ಅದು ಚ ಒತ್ತು. ‘ತುರುವಂ ಮಗುಳ್ಚಿ’ ಅಂತಿದೆ." ತುರು ಅಂದರೆ ದನ, ಮಗುಳ್ಚು ಅಂದರೆ ಹಿಂದಕ್ಕೆ ತಿರುಗಿಸು. ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸಿ ತಂದು ಸತ್ತಿದ್ದಾನೆ ಆ ಪುಣ್ಯಾತ್ಮ.

ಅವತ್ತೇ ಸಂಜೆ ಅಜ್ಜಿ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಮೊಮ್ಮಗನ ಫೋನಿಗೆ ವಾಟ್ಸಾಪ್‌ನಲ್ಲೇ ಒಂದು ಚಿಕ್ಕ ಫೋಟೋ ಕಳಿಸಿದೆ, ಅವರಿಗೆ ಅಷ್ಟು ಸಾಕು. ಅಜ್ಜಿ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು, ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ಹಂಗಾರೆ ದನ ಎಲ್ಲಾ ವಾಪಸ್ ಬಂದ್ವಾ?"

"ಬಂದ್ವು ಅಜ್ಜಿ" ಅಂದೆ.