ಆಕ್ಟಿವ್ ಡಬ್ಬಿನಾ, ಪ್ಯಾಸಿವ್ ಡಬ್ಬಿನಾ? ಮೊದಲು ಕರೆಂಟ್ ನೋಡಿ

ನಮ್ಮದು ಹುಬ್ಬಳ್ಳಿಯ ಏಳು ಜನರ ಆರ್ಕೆಸ್ಟ್ರಾ. ಕೀಬೋರ್ಡ್ ನುಡಿಸುವವನು ನಾನು, ಸೌಂಡ್ ನೋಡಿಕೊಳ್ಳುವವನೂ ನಾನೇ. ಮದುವೆ ರಿಸೆಪ್ಶನ್, ಕಾಲೇಜಿನ ಗ್ಯಾದರಿಂಗ್, ಗಣಪತಿ, ಜಾತ್ರೆಯ ರಸಮಂಜರಿ ಅಂತ ಧಾರವಾಡದಿಂದ ಹಿಡಿದು ಗದಗ, ಹಾವೇರಿ, ಬ್ಯಾಡಗಿ ತನಕ ಟಾಟಾ ಏಸ್‌ನಲ್ಲಿ ಸ್ಪೀಕರ್ ಡಬ್ಬಿ ಹೇರಿಕೊಂಡು ಹೋಗುತ್ತೇವೆ. ಹೊಸದಾಗಿ ತಂಡ ಕಟ್ಟುವ ಹುಡುಗರು ಮೊದಲು ಕೇಳುವುದು ಒಂದೇ, "ಅಣ್ಣಾ, ಆಕ್ಟಿವ್ ತಗೊಳ್ಳೂಣೋ, ಪ್ಯಾಸಿವ್ ತಗೊಳ್ಳೂಣೋ?" ನಾನು ತಿರುಗಿ ಕೇಳುವುದೂ ಒಂದೇ. ನೀವು ನುಡಿಸುವ ಜಾಗದಲ್ಲಿ ಕರೆಂಟ್ ಎಲ್ಲಿಂದ ಬರುತ್ತೆ?

ಗೊತ್ತಿಲ್ಲದವರಿಗೆ ಎರಡು ಮಾತು. ಪ್ಯಾಸಿವ್ ಡಬ್ಬಿಯಲ್ಲಿ ದಪ್ಪ ಧ್ವನಿಗೆ ಸ್ಪೀಕರ್, ತೀಕ್ಷ್ಣ ಧ್ವನಿಗೆ ಹಾರ್ನ್, ಎರಡಕ್ಕೂ ಧ್ವನಿ ಹಂಚುವ ಕ್ರಾಸ್‌ಓವರ್ ಇಷ್ಟೇ ಇರುತ್ತೆ. ಸ್ಪೀಕರ್‌ಗೆ ಪವರ್ ಕೊಡುವ ಆಂಪ್ಲಿಫೈಯರ್ (ಆಂಪ್) ಬೇರೆ. ಆಂಪ್‌ನಿಂದ ದಪ್ಪ ಸ್ಪೀಕರ್ ವೈರ್ ಒಂದು ಎಳೆದರೆ ಮುಗಿಯಿತು. ಆಕ್ಟಿವ್‌ನಲ್ಲಿ ಆಂಪ್ ಡಬ್ಬಿಯ ಬೆನ್ನಲ್ಲೇ ಕೂತಿರುತ್ತೆ, ಹಾಗಾಗಿ ಪ್ರತಿ ಡಬ್ಬಿಗೂ ಎರಡು ವೈರ್ ಬೇಕು: ಮೈಕ್, ವಾದ್ಯ ಎಲ್ಲಾ ಕೂಡುವ ಮಿಕ್ಸರ್‌ನಿಂದ ಎಕ್ಸ್‌ಎಲ್‌ಆರ್ ಅನ್ನುವ ಸಿಗ್ನಲ್ ವೈರ್ ಒಂದು, 230 ವೋಲ್ಟ್ ಕರೆಂಟ್ ಒಂದು. ಧ್ವನಿ ಯಾವುದರಲ್ಲಿ ಚೆನ್ನಾಗಿದೆ ಅನ್ನುವ ಜಗಳಕ್ಕೆ ನಾನು ಹೋಗಲ್ಲ. ಒಳ್ಳೆ ಡಬ್ಬಿಗಳು ಎರಡರಲ್ಲೂ ಇವೆ.

ನಾವು ಶುರು ಮಾಡಿದ್ದು ಪ್ಯಾಸಿವ್‌ನಿಂದ. ಎರಡು 15 ಇಂಚಿನ ಸೆಕೆಂಡ್ ಹ್ಯಾಂಡ್ ಡಬ್ಬಿ, ತಲಾ 8 ಓಮ್ (ಆಂಪ್‌ಗೆ ಡಬ್ಬಿ ಒಡ್ಡುವ ತಡೆ), 400 ವಾಟ್. ಆಂಪ್ ಮಾತ್ರ ಚಾನಲ್‌ಗೆ 200 ವಾಟ್‌ನದು. ಮಾರಿದವರು ಹೇಳಿದ್ದು, "ಸಣ್ಣ ಆಂಪ್ ಹಚ್ಚಿದ್ರ ಡಬ್ಬಿಗೆ ಏನೂ ಆಗಂಗಿಲ್ರೀ." ಕೇಳೋಕೆ ಸರಿ ಅನಿಸುತ್ತೆ, ಅಲ್ವಾ? ಹಾವೇರಿ ಕಡೆಯ ಒಂದು ಜಾತ್ರೆಯಲ್ಲಿ ಜನ ತುಂಬಿದರು. ಬಯಲು ಜಾಗ, ಹಿಂದಿನವರಿಗೆ ಕೇಳಿಸ್ತಿಲ್ಲ ಅಂತ ಕಮಿಟಿಯವರು ಬಂದು ಬಂದು ಹೇಳಿದರು, ನಾನು ಏರಿಸುತ್ತಾ ಹೋದೆ, ಆಂಪ್ ಮೇಲಿನ, ತಾಕತ್ತು ಮೀರಿತು ಅಂತ ತೋರಿಸುವ ಕೆಂಪು ಕ್ಲಿಪ್ ಲೈಟ್ ಮಿಣುಕುವುದನ್ನು ಬಿಟ್ಟು ಹತ್ತಿಕೊಂಡೇ ನಿಂತಿತು. ಅರ್ಧ ಗಂಟೆ ಆಗಿರಬಹುದು, ಬಲಗಡೆ ಡಬ್ಬಿಯಲ್ಲಿ ಸ, ಶ ಅಕ್ಷರಗಳೇ ಮಾಯವಾದವು. ಕಂಬಳಿ ಹೊದಿಸಿದ ಹಾಗೆ ಬರೀ ದಪ್ಪ ಧ್ವನಿ.

ಮರುದಿನ ಮನೆಯಲ್ಲಿ ಹಾರ್ನ್ ಹಿಂದೆ ಕೂತು ಧ್ವನಿ ಹುಟ್ಟಿಸುವ ಡ್ರೈವರ್ ಬಿಚ್ಚಿದೆ. ಅದರೊಳಗಿನ ತೆಳು ಪೊರೆ, ಅಂದರೆ ಡಯಾಫ್ರಾಂ, ಅಂಗೈ ಮೇಲೆ ಇಟ್ಟುಕೊಂಡು ನೋಡಿದರೆ, ಕೂದಲಿನಂಥ ತಂತಿಯ ಕಾಯಿಲ್ ಒಂದು ಕಡೆ ಕಪ್ಪಾಗಿ ಸುರುಳಿ ಬಿಟ್ಟಿತ್ತು. ಸುಟ್ಟ ವಾಸನೆ ಇನ್ನೂ ಹೋಗಿರಲಿಲ್ಲ. ಮಲ್ಟಿಮೀಟರ್ ಹಚ್ಚಿದೆ, ಕಾಯಿಲ್ ಓಪನ್, ಅಂದರೆ ತಂತಿ ತುಂಡು. ಸಣ್ಣ ಆಂಪ್ ಡಬ್ಬಿಯನ್ನು ಹೇಗೆ ಸುಡುತ್ತೆ ಅಂತ ಆಮೇಲೆ ಅರ್ಥ ಆಯಿತು. ಆಂಪ್ ತನ್ನ ತಾಕತ್ತು ಮೀರಿದಾಗ ಧ್ವನಿಯ ಅಲೆಯ ತಲೆ ಕತ್ತರಿಸಿ ಚಪ್ಪಟೆ ಮಾಡುತ್ತೆ. ಹಾಗೆ ಕತ್ತರಿಸಿದಾಗ ಮೂಲ ಹಾಡಿನಲ್ಲಿ ಇಲ್ಲದ ತೀಕ್ಷ್ಣ ಸ್ವರಗಳು ಹುಟ್ಟುತ್ತವೆ, ಅವು ಕ್ರಾಸ್‌ಓವರ್ ದಾಟಿ ನೇರ ಹಾರ್ನ್‌ಗೆ ಹೋಗುತ್ತವೆ, ಜೊತೆಗೆ ಉಸಿರು ಬಿಡೋಕೆ ಪುರುಸೊತ್ತಿಲ್ಲದ ಹಾಗೆ ಪವರ್ ಒಂದೇ ಸಮ ಹರಿಯುತ್ತಿರುತ್ತೆ. ಪಾಪ, ಆ ಸಣ್ಣ ಕಾಯಿಲ್ ಎಷ್ಟು ತಡೆದೀತು? ಈಗ 400 ವಾಟ್ ಡಬ್ಬಿಗೆ 600ರಿಂದ 800 ವಾಟ್ ಆಂಪ್ ಹಾಕಿ, ಕ್ಲಿಪ್ ಲೈಟ್ ಹತ್ತದ ಹಾಗೆ ನಡೆಸಿ ಅಂತ ಹೇಳುತ್ತೇನೆ. ವಾಟ್ ಲೆಕ್ಕ ಹಾಕುವಾಗಲೂ ಹುಷಾರು. ಡಬ್ಬಿ ಹಿಂದೆ 1600 ಪೀಕ್ (ಕ್ಷಣಮಾತ್ರ ತಡೆಯುವ ವಾಟ್) ಅಂತ ಇದ್ದರೆ ಅದು ನಿರಂತರವಾಗಿ ತಡೆಯುವುದು ಸುಮಾರು 400 ಮಾತ್ರ. ಇನ್ನೊಂದು, ವಾಟ್ ಡಬಲ್ ಮಾಡಿದರೂ ಧ್ವನಿಯ ಜೋರು ಏರುವುದು ಬರೀ 3 ಡೆಸಿಬಲ್, ಆದರೆ ಬಯಲಲ್ಲಿ ದೂರ ಡಬಲ್ ಆದರೆ 6 ಡೆಸಿಬಲ್ ಹೋಗುತ್ತೆ. ಆವತ್ತು ನಾನು ವಾಲ್ಯೂಮ್ ಏರಿಸುವ ಬದಲು ಮುಂದಿನವರ ತಲೆ ಅಡ್ಡ ಬರದ ಹಾಗೆ ಡಬ್ಬಿಗಳನ್ನು ಎತ್ತರಕ್ಕೆ ಏರಿಸಬೇಕಿತ್ತು.

ಪ್ಯಾಸಿವ್‌ನಲ್ಲಿ ವೈರ್ ಕೂಡ ಪವರ್ ತಿನ್ನುತ್ತೆ. ಗದಗದಲ್ಲಿ ಒಂದು ಸಲ ಆಂಪ್ ರ‍್ಯಾಕನ್ನು ಮಿಕ್ಸರ್ ಹತ್ತಿರ ಜನರ ಮಧ್ಯೆ ಇಟ್ಟು, ಸ್ಟೇಜಿಗೆ 30 ಮೀಟರ್ ತೆಳು ವೈರ್ ಎಳೆದಿದ್ದೆ, 1 ಚದರ ಮಿಲಿಮೀಟರ್‌ನದು. ಹೋಗಿ ಬರುವ ಎರಡೂ ತಂತಿ ಸೇರಿ ಹತ್ತಿರ ಹತ್ತಿರ 1 ಓಮ್. 8 ಓಮ್‌ನ ಎರಡು ಡಬ್ಬಿ ಪ್ಯಾರಲಲ್ ಆಗಿ ಜೋಡಿಸಿ ಒಟ್ಟು 4 ಓಮ್ ಆಗಿದ್ದಾಗ ಐದರಲ್ಲಿ ಒಂದು ಪಾಲು ಪವರ್ ಸುಮ್ನೆ ವೈರ್‌ನಲ್ಲೇ ಬಿಸಿಯಾಗಿ ಹೋಯಿತು. ಬೇಸ್ ಸಡಿಲ ಸಡಿಲ ಕೇಳಿಸುತ್ತಿತ್ತು. ಆವತ್ತಿನಿಂದ ಆಂಪ್ ಸ್ಟೇಜ್ ಪಕ್ಕ, ವೈರ್ 2.5.

ಆಮೇಲೆ ದುಡ್ಡು ಕೂಡಿಸಿ ಎರಡು ಆಕ್ಟಿವ್ ಡಬ್ಬಿ ತಂದೆವು. ಧಾರವಾಡದ ಒಂದು ಹಾಲ್‌ನಲ್ಲಿ ಮೊದಲ ಪ್ರೋಗ್ರಾಂ. ಸ್ಟ್ಯಾಂಡ್ ಮೇಲೆ ಇಟ್ಟು, ಎರಡು ಪ್ಲಗ್ ಚುಚ್ಚಿ, ಹತ್ತು ನಿಮಿಷಕ್ಕೆ ರೆಡಿ. ಒಳಗೆ ಧ್ವನಿ ಮಿತಿ ಮೀರದ ಹಾಗೆ ತಡೆಯುವ ಲಿಮಿಟರ್ ಇರುತ್ತೆ, ಯಾರೋ ಬಂದು ಮಿಕ್ಸರ್‌ನ ವಾಲ್ಯೂಮ್ ಫೇಡರ್ ಪೂರ್ತಿ ಏರಿಸಿದರೂ ಹಾರ್ನ್ ಅಷ್ಟು ಸುಲಭಕ್ಕೆ ಸುಡಲ್ಲ. ಓಮ್ ಲೆಕ್ಕ ಇಲ್ಲ, ಆಂಪ್ ರ‍್ಯಾಕ್ ಹೊರುವುದಿಲ್ಲ. ನನಗೆ ನಿಜಕ್ಕೂ ಬೆನ್ನು ಹಗುರಾಯಿತು.

ಆದರೆ ಎರಡನೇ ಪ್ರೋಗ್ರಾಂನಲ್ಲೇ ಗುಂಯ್ ಅಂತ ಸದ್ದು. ಮಿಕ್ಸರ್‌ಗೆ ಪೆಂಡಾಲಿನ ಕಂಬದ ಪ್ಲಗ್, ಡಬ್ಬಿಗಳಿಗೆ ಸ್ಟೇಜಿನ ಪ್ಲಗ್. ಎರಡು ಬೇರೆ ಬೇರೆ ಅರ್ಥಿಂಗ್ ಸಿಗ್ನಲ್ ವೈರ್ ಮೂಲಕ ಕೂಡಿದರೆ 50 ಹರ್ಟ್ಸ್ ಸದ್ದು ಗ್ಯಾರಂಟಿ. ಡಬ್ಬಿಯ ಪ್ಲಗ್‌ನಿಂದ ಅರ್ಥಿಂಗ್ ಪಿನ್ ಮುರಿದರೆ ಸದ್ದು ಹೋಗುತ್ತೆ ಅಂತ ಯಾರೋ ಹೇಳಿದರು. ಹೋಗುತ್ತೆ, ನಿಜ. ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಅರ್ಥಿಂಗ್ ಇಲ್ಲದ ಬೋರ್ಡಿನಿಂದ ನಮ್ಮ ಗಾಯಕಿಗೆ ಮೈಕ್ ತುಟಿಗೆ ತಾಗಿ ಶಾಕ್ ಹೊಡೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೈಕ್ ಕೈಯಿಂದ ಬಿತ್ತು, ಅವರು ಕುಸಿದು ಕೂತರು, ಆ ರಾತ್ರಿ ಮತ್ತೆ ಹಾಡಲಿಲ್ಲ. ಈಗ ನಮ್ಮದೇ ಎಕ್ಸ್‌ಟೆನ್ಶನ್ ಬೋರ್ಡ್ ಒಯ್ಯುತ್ತೇವೆ. ಮಿಕ್ಸರ್, ಡಬ್ಬಿ, ಕೀಬೋರ್ಡ್ ಎಲ್ಲಕ್ಕೂ ಕರೆಂಟ್ ಒಂದೇ ಜಾಗದಿಂದ. ಕೀಬೋರ್ಡ್‌ನಿಂದ ಸದ್ದು ಬಂದರೆ ಅದಕ್ಕೂ ಮಿಕ್ಸರ್‌ಗೂ ನಡುವೆ ಇಡುವ ಡಿಐ ಬಾಕ್ಸ್‌ನ ಗ್ರೌಂಡ್ ಲಿಫ್ಟ್ ಒತ್ತಿದರೆ ಸಾಕು, ಅದು ಬಿಡಿಸುವುದು ಸಿಗ್ನಲ್ ವೈರ್‌ನ ಗ್ರೌಂಡ್ ಮಾತ್ರ, ಪ್ಲಗ್‌ನ ಅರ್ಥಿಂಗ್ ಅಲ್ಲ.

ದೊಡ್ಡ ಪೆಟ್ಟು ಬಿದ್ದದ್ದು ಜನರೇಟರ್‌ನಿಂದ. ಒಂದು ಹಳ್ಳಿಯ ಜಾತ್ರೆ, ತ್ರೀ ಫೇಸ್ ಜನರೇಟರ್, ಅಲಂಕಾರದ ಲೈಟು, ತಿರುಗುವ ತೊಟ್ಟಿಲು, ನಮ್ಮ ಸ್ಟೇಜ್ ಎಲ್ಲಾ ಅದರ ಮೇಲೆ. ನಾಲ್ಕನೇ ಹಾಡಿಗೆ ಸ್ಟೇಜಿನ ಬಲ್ಬುಗಳು ಒಮ್ಮೆಲೇ ಬೆಳ್ಳಗೆ ಉರಿದವು. ನಾನು ತಲೆ ಎತ್ತಿ ನೋಡುವುದರೊಳಗೆ ಎಡಗಡೆ ಡಬ್ಬಿ ಟಪ್ ಅಂದು ಬಂದ್, ಹಿಂದೆಯೇ ಬಲಗಡೆಯದು. ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ವೈರ್ ಸಡಿಲಾಗಿತ್ತು. ತ್ರೀ ಫೇಸ್‌ನಲ್ಲಿ ನ್ಯೂಟ್ರಲ್ ಬಿಟ್ಟರೆ ಕಡಿಮೆ ಲೋಡ್ ಇರುವ ಫೇಸ್‌ನಲ್ಲಿ ವೋಲ್ಟೇಜ್ 230 ಬಿಟ್ಟು 300 ದಾಟಿ 400ರ ಹತ್ತಿರಕ್ಕೂ ಹೋಗಬಹುದು. ಎರಡೂ ಡಬ್ಬಿಯ ಪವರ್ ಸಪ್ಲೈ ಸುಟ್ಟಿತ್ತು. ಹಳೆ ಆಂಪ್ ಆಗಿದ್ದರೆ ಊರಲ್ಲೇ ಮೆಕ್ಯಾನಿಕ್ ಬಿಚ್ಚಿ ಟ್ರಾನ್ಸಿಸ್ಟರ್ ಹಾಕಿ ಕೊಡುತ್ತಿದ್ದರು. ಇದಕ್ಕೆ ಪೂರ್ತಿ ಮಾಡ್ಯೂಲ್ ಬೆಂಗಳೂರಿಗೆ ಕಳಿಸಬೇಕಾಯಿತು. ಮದುವೆ ಸೀಸನ್ನಿನಲ್ಲಿ ತಿಂಗಳು ಪೂರ್ತಿ ಬಾಡಿಗೆ ಡಬ್ಬಿ.

ಹಾಗಾದರೆ ಪ್ಯಾಸಿವ್‌ಗೇ ವಾಪಸ್ ಹೋದೆವಾ? ಇಲ್ಲ. ಆ ಕರೆಂಟ್‌ಗೆ ಪ್ಯಾಸಿವ್ ಡಬ್ಬಿ ಉಳಿಯುತ್ತಿತ್ತು, ಆದರೆ ಆಂಪ್ ಹೋಗುತ್ತಿತ್ತು. ಮಿಕ್ಸರ್, ಕೀಬೋರ್ಡ್‌ಗೂ ಅದೇ ಅಪಾಯ. ಕಾಯಬೇಕಾದದ್ದು ಕರೆಂಟ್ ಬರುವ ಜಾಗವನ್ನು. ಈಗ ಡಬ್ಬಿ ಇಳಿಸುವ ಮೊದಲೇ ಮೀಟರ್ ಹಿಡಿದು ಹೋಗುತ್ತೇನೆ. ಫೇಸ್‌ಗೂ ನ್ಯೂಟ್ರಲ್‌ಗೂ 230 ಆಸುಪಾಸು ಇರಬೇಕು, ನ್ಯೂಟ್ರಲ್‌ಗೂ ಅರ್ಥಿಂಗ್‌ಗೂ ಒಂದೆರಡು ವೋಲ್ಟ್ ಮೀರಬಾರದು. ಲೈಟು ಎಲ್ಲಾ ಹಚ್ಚಿಸಿ ಇನ್ನೊಮ್ಮೆ ನೋಡುತ್ತೇನೆ, ಲೋಡ್ ಬಿದ್ದ ಮೇಲೇ ಸಡಿಲ ನ್ಯೂಟ್ರಲ್ ಗೊತ್ತಾಗುವುದು. ನಮ್ಮ ಬೋರ್ಡಿನ ಮುಂದೆ ವೋಲ್ಟೇಜ್ ಹೆಚ್ಚುಕಮ್ಮಿ ಆದರೆ ತಾನೇ ಕಟ್ ಮಾಡುವ ಯೂನಿಟ್ ಹಾಕಿಸಿದ್ದೇನೆ, 180ರ ಕೆಳಗೆ, 260ರ ಮೇಲೆ ಹೋದರೆ ಬಂದ್. ಬೆಲೆ ಒಂದು ಡಬ್ಬಿಯ ರಿಪೇರಿಗಿಂತ ಎಷ್ಟೋ ಕಡಿಮೆ. ಅದು ಇಲ್ಲದೆ ಆಕ್ಟಿವ್ ಡಬ್ಬಿ ಕೊಳ್ಳಬೇಡಿ, ಇದನ್ನು ಎಲ್ಲರಿಗೂ ಕೈ ಹಿಡಿದು ಹೇಳುತ್ತೇನೆ.

ಪ್ಯಾಸಿವ್ ಉಳಿಸಿಕೊಂಡಿದ್ದು ಒಂದು ಕಡೆ, ಹಾಡುವವರ ಕಾಲ ಬಳಿಯ ಮಾನಿಟರ್‌ಗೆ. ನಾಲ್ಕು ಸಣ್ಣ ಡಬ್ಬಿ, ಎಲ್ಲಾ 8 ಓಮ್, ಆಂಪ್‌ನ ಒಂದೊಂದು ಚಾನಲ್‌ಗೆ ಎರಡೆರಡು, ಅಂದರೆ 4 ಓಮ್. ಮೂರನೆಯದನ್ನು ಯಾವತ್ತೂ ಜೋಡಿಸಲ್ಲ, ಆಗ 3 ಓಮ್‌ಗೂ ಕೆಳಗಿಳಿದು ಆಂಪ್ ಕಾದು ನಿಲ್ಲುತ್ತೆ. ಸ್ಟೇಜಿನ ಅಂಚಿನಲ್ಲಿ ಹುಡುಗರು ಕುಣಿಯುತ್ತಾರೆ, ವೈರ್ ತುಳಿಯುತ್ತಾರೆ, ನೀರಿನ ಬಾಟಲಿ ಉರುಳುತ್ತೆ. ಅಲ್ಲಿ 230 ವೋಲ್ಟ್ ಹರಿಸುವುದು ನನಗೆ ಬೇಡ.

ಹೋದ ಗಣಪತಿಯಲ್ಲಿ ಧಾರವಾಡದಲ್ಲಿ ಸಡನ್ ಆಗಿ ಜಿಟಿಜಿಟಿ ಮಳೆ ಹಿಡಿಯಿತು. ಪೆಂಡಾಲಿನ ಅಂಚಿನಿಂದ ನೀರು ನೇರ ಮಾನಿಟರ್ ಮೇಲೆ ಸುರಿಯಿತು. ಮುಂದಿನ ಆಕ್ಟಿವ್ ಡಬ್ಬಿಗಳನ್ನು ಮೇನ್ ಸ್ವಿಚ್ ಬಂದ್ ಮಾಡಿ, ತಾಡಪಾಲು ಹೊದಿಸಿ ಒಳಗೆ ಎಳೆದೆವು. ಮಳೆ ನಿಲ್ಲುವ ತನಕ ಇಪ್ಪತ್ತು ನಿಮಿಷ ಕಾದೆವು. ಆಮೇಲೆ ಮಾನಿಟರ್‌ಗಳನ್ನು ಪಂಚೆಯಿಂದ ಒರೆಸಿ, ಕನೆಕ್ಟರ್ ಬಿಚ್ಚಿ ಊದಿ ಒಣಗಿಸಿ ಹಚ್ಚಿದೆ. ನಾಲ್ಕೂ ಹಾಡಿದವು. ಹತ್ತು ಗಂಟೆಗೆ ಮೈಕ್ ಬಂದ್ ಮಾಡಬೇಕಿತ್ತು, ಅಷ್ಟರಲ್ಲಿ ಇನ್ನೂ ಆರು ಹಾಡು ಆದವು.