ಮೋಟರ್‌ಹೋಮ್ ಹಿಂದೆ ಕಾರು ಕಟ್ಟುವುದು: ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು

ಅಮೆರಿಕದಲ್ಲಿ ಮೋಟರ್‌ಹೋಮ್, ಅಂದರೆ ಒಳಗೇ ವಾಸಿಸುವ ಏರ್ಪಾಡಿರುವ ದೊಡ್ಡ ವಾಹನ, ಕೊಂಡವರಿಗೆ ಮೊದಲ ಪ್ರವಾಸದಲ್ಲೇ ಒಂದು ತೊಡಕು ಎದುರಾಗುತ್ತದೆ. ಕ್ಯಾಂಪ್‌ಗ್ರೌಂಡಿನಲ್ಲಿ ನೀರು, ಕರೆಂಟು ಜೋಡಿಸಿ ನಿಲ್ಲಿಸಿದ ಮೂವತ್ತಡಿಯ ವಾಹನವನ್ನು, ಮನೆಗೆ ಹಾಲು ಬೇಕೆಂಬ ಒಂದೇ ಕಾರಣಕ್ಕೆ, ಎಲ್ಲವನ್ನೂ ಬಿಚ್ಚಿ ಮತ್ತೆ ರಸ್ತೆಗಿಳಿಸಬೇಕಾಗುತ್ತದೆ. ಸಣ್ಣ ಕಾರೊಂದನ್ನು ಹಿಂದೆ ಕಟ್ಟಿಕೊಂಡು ಹೋಗುವ ರೂಢಿ ಬೆಳೆದದ್ದು ಇದರಿಂದಲೇ. ಎಲ್ಲ ಸಾಮಾನನ್ನೂ ಹೊಸದಾಗಿ ಕೊಂಡು ಅಂಗಡಿಯಲ್ಲೇ ಕೂರಿಸಿದರೆ ಖರ್ಚು ಸುಲಭವಾಗಿ 3,000 ಡಾಲರ್ ದಾಟುತ್ತದೆ. ಕೈಕೆಲಸ ಬಲ್ಲವರು ಅದನ್ನು ಬಹಳಷ್ಟು ಇಳಿಸಬಹುದು.

ದೊಡ್ಡ ಉಳಿತಾಯ ಇರುವುದು ಕಾರಿನ ಆಯ್ಕೆಯಲ್ಲಿ. ನಾಲ್ಕೂ ಚಕ್ರಗಳು ನೆಲದ ಮೇಲಿರುವಂತೆ ಎಳೆಯಲು ಎಲ್ಲ ಕಾರುಗಳೂ ಯೋಗ್ಯವಲ್ಲ. ಸಾಮಾನ್ಯ ಆಟೋಮ್ಯಾಟಿಕ್ ಗೇರ್‌ಬಾಕ್ಸಿನೊಳಗೆ ಎಣ್ಣೆ ತಳ್ಳುವ ಪಂಪು ಎಂಜಿನ್ ತಿರುಗಿದಾಗ ಮಾತ್ರ ಕೆಲಸ ಮಾಡುತ್ತದೆ. ಎಂಜಿನ್ ನಿಂತಿದ್ದು ಚಕ್ರಗಳು ತಿರುಗುತ್ತಲೇ ಇದ್ದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ಉಜ್ಜಿ, ಕಾದು, ಹಾಳಾಗುತ್ತವೆ. ನ್ಯೂಟ್ರಲ್‌ನಲ್ಲಿಟ್ಟರೆ ಸಾಕೆಂಬ ನಂಬಿಕೆಯಿಂದ ಗೇರ್‌ಬಾಕ್ಸು ಕಳೆದುಕೊಂಡವರು ಕಡಿಮೆಯೇನಲ್ಲ. ಹಾಗಾಗಿ ಹಳೆಯ ಕಾರು ಕೊಳ್ಳುವ ಮುನ್ನ ಅದೇ ವರ್ಷದ, ಅದೇ ಮಾದರಿಯ ಕೈಪಿಡಿಯಲ್ಲಿ ಎಳೆಯುವ ಕುರಿತ ಪುಟವನ್ನು ಓದಲೇಬೇಕು. ಮಾರುವವನ ಮಾತು ಇಲ್ಲಿ ಆಧಾರವಲ್ಲ. ಉದಾಹರಣೆಗೆ 2014ರವರೆಗಿನ ಹೋಂಡಾ ಸಿಆರ್-ವಿಯನ್ನು ಹೀಗೆ ಎಳೆಯಬಹುದು, ಸಿವಿಟಿ ಎಂಬ ಬೇರೆ ಬಗೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಂದ 2015ರ ಮಾದರಿಯನ್ನು ಎಳೆಯಬಾರದು. ಜೀಪ್ ರ‍್ಯಾಂಗ್ಲರ್‌ನಲ್ಲಿ, ಗೇರ್‌ಬಾಕ್ಸಿನ ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸನ್ನೇ ನ್ಯೂಟ್ರಲ್‌ಗೆ ಹಾಕುವ ಏರ್ಪಾಡಿರುವುದರಿಂದ ಅದು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಮನೆಯಲ್ಲಿ ಈಗಾಗಲೇ ಇರುವ ಕಾರು ಇದಕ್ಕೆ ಒಗ್ಗದಿದ್ದು, ಅದು ಮುಂದಿನ ಚಕ್ರಗಳಿಂದ ಓಡುವಂಥದ್ದಾದರೆ, ಆ ಎರಡು ಚಕ್ರಗಳನ್ನು ಮೇಲೆತ್ತಿ ಸಾಗಿಸುವ ಟೋ ಡಾಲಿಯನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳುವುದು ಅಗ್ಗದ ದಾರಿ. ಆದರೆ ಪ್ರತಿ ನಿಲ್ದಾಣದಲ್ಲೂ ಅದನ್ನು ಎಲ್ಲಿಡುವುದೆಂಬ ಪ್ರಶ್ನೆ ಬೆನ್ನಿಗಿರುತ್ತದೆ.

ತೂಕದ ಲೆಕ್ಕವನ್ನು ಅಂದಾಜಿನಲ್ಲಿ ಮುಗಿಸಬಾರದು. ಫೋರ್ಡ್ ಇ-450 ಚಾಸಿಯ ಮೇಲೆ ಕಟ್ಟಿದ ಮೋಟರ್‌ಹೋಮಿಗೆ, ಎಳೆಯುವ ಕಾರೂ ಸೇರಿ, ಒಟ್ಟು 22,000 ಪೌಂಡಿನ ಮಿತಿಯಿದೆ ಎಂದುಕೊಳ್ಳೋಣ. ನೀರು, ಸಾಮಾನು, ಜನರೊಂದಿಗೆ ಅದನ್ನು ಟ್ರಕ್ ಸ್ಟಾಪಿನ ತೂಕದ ಕಟ್ಟೆಯ ಮೇಲೆ ನಿಲ್ಲಿಸಿದಾಗ 14,000 ಪೌಂಡ್ ಬಂದರೆ 8,000 ಉಳಿಯಿತು. ಆದರೆ ಮೋಟರ್‌ಹೋಮಿನ ಹಿಂದಿರುವ ಎಳೆಯುವ ಕೊಂಡಿ, ಅಂದರೆ ಹಿಚ್ ಮೇಲೆ 5,000 ಎಂದು ಬರೆದಿದ್ದರೆ ನಿಮ್ಮ ಮಿತಿ 5,000 ಮಾತ್ರ. ಹಿಚ್, ಅದನ್ನು ಕಾರಿಗೆ ಜೋಡಿಸುವ ದಂಡವಾದ ಟೋ ಬಾರ್, ಕಾರಿನ ಬೇಸ್ ಪ್ಲೇಟ್ ಇವುಗಳಲ್ಲಿ ಯಾವುದರ ಅಂಕಿ ಎಲ್ಲಕ್ಕಿಂತ ಚಿಕ್ಕದೋ ಅದೇ ಅಂತಿಮ.

ಬೇಸ್ ಪ್ಲೇಟ್ ಎಂದರೆ ಕಾರಿನ ಮುಂಭಾಗದ ಚೌಕಟ್ಟಿಗೆ ಬೋಲ್ಟ್ ಹಾಕಿ ಕೂರಿಸುವ ಉಕ್ಕಿನ ಹಿಡಿತ. ಪ್ರತಿ ಮಾದರಿಗೂ ಇದು ಬೇರೆಯಾದ್ದರಿಂದ ಹೊಸದನ್ನೇ ಕೊಳ್ಳುವುದು ಲೇಸು, ಕೂರಿಸುವ ಕೆಲಸವನ್ನು ಮಾತ್ರ ನೀವೇ ಮಾಡಬಹುದು. ಬಂಪರ್ ಕಳಚಿ, ಕೆಲವು ಕಡೆ ಪ್ಲಾಸ್ಟಿಕ್ ಕತ್ತರಿಸಿ, ಬೋಲ್ಟುಗಳನ್ನು ಸೂಚಿಸಿದಷ್ಟೇ ಬಿಗಿಗೆ ಟಾರ್ಕ್ ರೆಂಚಿನಿಂದ ಬಿಗಿಯಲು ಒಂದು ಇಡೀ ದಿನ ಹಿಡಿಯುತ್ತದೆ. ಸೆಕೆಂಡ್ ಹ್ಯಾಂಡಿನಲ್ಲಿ ಧೈರ್ಯವಾಗಿ ಕೊಳ್ಳಬಹುದಾದದ್ದು ಟೋ ಬಾರ್. ಅದರ ಎರಡು ತೋಳುಗಳನ್ನು ಪೂರ್ತಿ ಎಳೆದು ನೋಡಿ: ಕೊನೆಯಲ್ಲಿ ಬೀಗ ಟಕ್ಕೆಂದು ಬೀಳಬೇಕು, ತೋಳು ಬಾಗಿರಬಾರದು, ಪಿನ್ನು ಕೂರುವ ತೂತು ಸವೆದು ಮೊಟ್ಟೆಯಾಕಾರಕ್ಕೆ ತಿರುಗಿರಬಾರದು. ಒಂದು ಕಂಪನಿಯ ಬಾರ್ ಇನ್ನೊಂದರ ಪ್ಲೇಟಿಗೆ ನೇರವಾಗಿ ಕೂರದಿದ್ದಾಗ ಅಡಾಪ್ಟರ್ ಬೇಕಾಗುತ್ತದೆಯಾದ್ದರಿಂದ ಅದರ ಬೆಲೆಯನ್ನೂ ಸೇರಿಸಿಕೊಂಡೇ ಚೌಕಾಸಿ ಮಾಡಿ. ಕಟ್ಟಿದ ಮೇಲೆ ಬಾರ್ ಹೆಚ್ಚುಕಡಿಮೆ ಮಟ್ಟವಾಗಿರಬೇಕು. ಹಿಚ್ ಬೇಸ್ ಪ್ಲೇಟಿಗಿಂತ ಮೂರು ನಾಲ್ಕು ಅಂಗುಲಕ್ಕೂ ಹೆಚ್ಚು ಎತ್ತರದಲ್ಲಿದ್ದರೆ ಜೋರಾಗಿ ಬ್ರೇಕ್ ಹಾಕಿದಾಗ ಕಾರಿನ ಮೂತಿ ಕೆಳಕ್ಕೆ ಒತ್ತಿಕೊಳ್ಳುತ್ತದೆ. ಎತ್ತಿನಗಾಡಿಯ ಮೂಕಿ ಏರುಪೇರಾದರೆ ಏನಾಗುತ್ತದೆಂದು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಚ್‌ನ ಮಟ್ಟವನ್ನು ಇಳಿಸುವ ಡ್ರಾಪ್ ರಿಸೀವರ್ ಹಾಕಿ ಇದನ್ನು ಸರಿಪಡಿಸಬಹುದು. ಬಾರಿನ ಕೆಳಗೆ ಸುರಕ್ಷತಾ ಕೇಬಲ್‌ಗಳನ್ನು ಒಂದಕ್ಕೊಂದು ಅಡ್ಡಹಾಯುವಂತೆ ಕಟ್ಟಬೇಕು.

ಬ್ರೇಕಿನ ವಿಷಯದಲ್ಲಿ ಮಾತ್ರ ನಾನು ಯಾರಿಗೂ ಉಳಿತಾಯದ ಸಲಹೆ ಕೊಡುವುದಿಲ್ಲ. ಮೋಟರ್‌ಹೋಮ್ ದೊಡ್ಡದು, ಹಿಂದಿನ ಕಾರು ಅದಕ್ಕೊಂದು ಲೆಕ್ಕವೇ ಅಲ್ಲ ಎಂದು ವಾದಿಸುವವರಿದ್ದಾರೆ. 3,400 ಪೌಂಡ್, ಅಂದರೆ ಒಂದೂವರೆ ಟನ್ನಿನಷ್ಟು ಭಾರ, ಬೆಟ್ಟದ ಇಳಿಜಾರಿನಲ್ಲಿ ಹಿಂದಿನಿಂದ ತಳ್ಳುವಾಗ ಆ ವಾದ ನೆರವಿಗೆ ಬರುವುದಿಲ್ಲ. ಎಷ್ಟು ತೂಕಕ್ಕೆ ಪ್ರತ್ಯೇಕ ಬ್ರೇಕ್ ಕಡ್ಡಾಯ ಎಂಬ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ, ನೀವೋ ಹಲವು ರಾಜ್ಯಗಳನ್ನು ದಾಟುವವರು. ಹಿಂದಿನ ಕಾರಿನಲ್ಲಿ ಚಾಲಕನ ಕಾಲಿನ ಜಾಗದಲ್ಲಿಟ್ಟು ಪೆಡಲನ್ನು ಒತ್ತುವ ಪೆಟ್ಟಿಗೆಯಂಥ ಬ್ರೇಕು ಸಾಕು, ಏಕೆಂದರೆ ಕಾರು ಬದಲಾದರೂ ಅದನ್ನು ಹೊಸ ಕಾರಿಗೆ ಸಾಗಿಸಬಹುದು. ಕೊಂಡಿ ಕಳಚಿಕೊಂಡರೆ ಕಾರಿನ ಬ್ರೇಕನ್ನು ತಾನೇ ಹಾಕುವ ಬ್ರೇಕ್‌ಅವೇ ಸ್ವಿಚ್ಚಿನ ತಂತಿಯನ್ನು ಟೋ ಬಾರಿಗಲ್ಲ, ಮೋಟರ್‌ಹೋಮಿನ ಚೌಕಟ್ಟಿಗೇ ಸಿಕ್ಕಿಸಿ.

ದೀಪಗಳಿಗೆ, ಕಾರಿನ ಹಿಂಭಾಗಕ್ಕೆ ಅಂಟಿಸುವ ಅಯಸ್ಕಾಂತದ ಜೋಡಿಯೇ ಅತ್ಯಂತ ಅಗ್ಗ. ಖಾಯಂ ಏರ್ಪಾಡು ಬೇಕಿದ್ದರೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಹಾಕಿ ಕಾರಿನದೇ ದೀಪಗಳಿಗೆ ತಂತಿ ಎಳೆಯಬೇಕು. ಡಯೋಡ್ ಇಲ್ಲದಿದ್ದರೆ ವಿದ್ಯುತ್ತು ತಿರುಗಿ ಕಾರಿನ ವೈರಿಂಗಿಗೆ ನುಗ್ಗುತ್ತದೆ. ಸ್ಟಿಯರಿಂಗ್ ಬೀಗ ಬೀಳದಿರಲು ಅನೇಕ ಕಾರುಗಳಲ್ಲಿ ಕೀಲಿ ಆಕ್ಸೆಸರಿ ಸ್ಥಾನದಲ್ಲಿರಬೇಕಾಗುತ್ತದೆ, ಸಂಜೆಯ ಹೊತ್ತಿಗೆ ಬ್ಯಾಟರಿ ಬರಿದಾಗುವುದು ಇದರಿಂದಲೇ. ಮೋಟರ್‌ಹೋಮಿನಿಂದ ಫ್ಯೂಸ್ ಸಹಿತ ಒಂದು ಚಾರ್ಜಿಂಗ್ ತಂತಿ ಎಳೆದುಕೊಂಡರೆ ಈ ಕಾಟ ತಪ್ಪುತ್ತದೆ.

ಹೊರಡುವ ಮುನ್ನ ಕೈಪಿಡಿಯ ಕ್ರಮವನ್ನು ಅಕ್ಷರಶಃ ಪಾಲಿಸಿ. ಮೇಲೆ ಹೇಳಿದ ಸಿಆರ್-ವಿಯಲ್ಲಿ ಗೇರನ್ನು ಎಲ್ಲ ಸ್ಥಾನಗಳಿಗೂ ಒಯ್ದು, ಡಿಯಲ್ಲಿ ಐದು ಸೆಕೆಂಡ್ ನಿಲ್ಲಿಸಿ, ಎನ್‌ಗೆ ತಂದು, ಮೂರು ನಿಮಿಷ ಎಂಜಿನ್ ಓಡಿಸಿ ಆರಿಸಬೇಕು; ಆ ಮೇಲೆ ಗಂಟೆಗೆ 65 ಮೈಲಿ ಮೀರಬಾರದು. ಹ್ಯಾಂಡ್‌ಬ್ರೇಕ್ ಬಿಟ್ಟಿದೆಯೇ ಎಂದು ಇಬ್ಬರು ಬೇರೆಬೇರೆಯಾಗಿ ನೋಡಿ. ಮೊದಲ 50 ಮೈಲಿಗೆ ನಿಲ್ಲಿಸಿ ಬೋಲ್ಟುಗಳನ್ನು ಮತ್ತೆ ಪರೀಕ್ಷಿಸಿ, ಕಾರಿನ ನಾಲ್ಕೂ ಚಕ್ರಗಳ ನಡುಭಾಗದ ಹತ್ತಿರ ಕೈ ಹಿಡಿಯಿರಿ: ಒಂದು ಮಾತ್ರ ಮಿಕ್ಕವಕ್ಕಿಂತ ಹೆಚ್ಚು ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಎಂದರ್ಥ. ಪೆಟ್ರೋಲ್ ಬಂಕಿಗೆ ನುಗ್ಗುವ ಮೊದಲೇ ಹೊರಬರುವ ದಾರಿ ನೋಡಿಕೊಳ್ಳಿ. ಕಾರು ಕಟ್ಟಿಕೊಂಡು ರಿವರ್ಸ್ ಹೋಗುವಂತಿಲ್ಲ. ಕಾರಿನ ಮುಂಚಕ್ರಗಳು ಒಂದೇ ಕಡೆ ಪೂರ್ತಿ ತಿರುಗಿ ಬಾರನ್ನು ಬಗ್ಗಿಸುತ್ತವೆ. ಸಿಕ್ಕಿಕೊಂಡರೆ ಕೊಂಡಿ ಬಿಚ್ಚಲೇಬೇಕು, ತಿರುವಿನಲ್ಲಿ ನಿಂತ ವಾಹನದಲ್ಲಿ ಪಿನ್ನುಗಳು ಬಿಗಿದುಕೊಂಡು ಅಲುಗಾಡುವುದಿಲ್ಲವಾದ್ದರಿಂದ ಜೊತೆಗೊಂದು ರಬ್ಬರ್ ಸುತ್ತಿಗೆ ಇಟ್ಟುಕೊಳ್ಳಿ.